ಶಾಸ್ತ್ರದಾನವೂ ಕೃತಿಸ್ವಾಮ್ಯವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವು ಮೊದಲಿನ ಎರಡಕ್ಕಿಂತ ಒಂದು ಅಂಶದಲ್ಲಿ ಭಿನ್ನವಾದುದು. ಅನ್ನವನ್ನಿತ್ತವನ ಪಾತ್ರೆಯಲ್ಲಿ ಅಷ್ಟು ಅನ್ನ ಕಡಿಮೆಯಾಗುತ್ತದೆ. ಔಷಧವನ್ನಿತ್ತವನ ಭರಣಿಯಲ್ಲಿ ಅಷ್ಟು ಔಷಧ ಕಡಿಮೆಯಾಗುತ್ತದೆ. ಶಾಸ್ತ್ರದ ಪ್ರತಿಯೊಂದನ್ನು ಬರೆಯಿಸಿ ಕೊಟ್ಟವನ ಬಳಿ ಮಾತ್ರ ಶಾಸ್ತ್ರವು ಮೊದಲಿದ್ದಂತೆಯೇ ಉಳಿಯುತ್ತದೆ. ನನ್ನಂಥ ವ್ಯಾಪಾರಿಗೆ ಇದು ಮೊದಲ ನೋಟಕ್ಕೆ ಸೋಜಿಗದ ಲೆಕ್ಕ. ದಾಸ್ತಾನು ಪುಸ್ತಕದಲ್ಲಿ ಸರಕು ಹೊರಗೆ ಹೋದುದನ್ನು ಬರೆದ ಮೇಲೆ ಶಿಲ್ಕಿನಲ್ಲಿ ಅಷ್ಟನ್ನು ಕಳೆಯಲೇಬೇಕು. ಇಲ್ಲಿ ಕಳೆಯಬೇಕಾದುದು ಏನೂ ಇಲ್ಲ.

ಆದರೂ ಇಂದಿನ ಕಾನೂನು ಗ್ರಂಥವನ್ನೂ ಯಂತ್ರದ ಕಲ್ಪನೆಯನ್ನೂ ಔಷಧ ತಯಾರಿಸುವ ಕ್ರಮವನ್ನೂ ಒಂದು ಬಗೆಯ ಸ್ವತ್ತೆಂದೇ ಪರಿಗಣಿಸುತ್ತದೆ. ಗ್ರಂಥಕ್ಕೆ ಕೃತಿಸ್ವಾಮ್ಯ, ಆವಿಷ್ಕಾರಕ್ಕೆ ಪೇಟೆಂಟು. ಈ ಹಕ್ಕುಗಳು ಹೊಸ ಸೃಷ್ಟಿಗೆ ಪ್ರೇರಣೆಯೋ ಅಡ್ಡಿಯೋ ಎಂಬ ಚರ್ಚೆ ಪಂಡಿತರಲ್ಲಿಯೂ ನ್ಯಾಯಾಲಯಗಳಲ್ಲಿಯೂ ಬಹುಕಾಲದಿಂದ ನಡೆದಿದೆ. ಆ ಚರ್ಚೆಯನ್ನು ತತ್ತ್ವದ ಮಟ್ಟದಲ್ಲಿಯೇ ಬೆಳೆಸುತ್ತಾ ಹೋಗುವ ಬದಲು, ಗ್ರಂಥವೊಂದು ಶತಮಾನಗಳ ಕಾಲ ಮುಚ್ಚಿದ್ದು ಅನಂತರ ತೆರೆದುಕೊಂಡ ನಮ್ಮದೇ ನಾಡಿನ ಒಂದು ವೃತ್ತಾಂತವನ್ನು ನೋಡುವುದು ಹೆಚ್ಚು ಫಲಕಾರಿ ಎಂದು ನನಗೆ ತೋರುತ್ತದೆ. ಅದು ಮೂಡುಬಿದಿರೆಯ ಧವಳಾ ಗ್ರಂಥಗಳ ವೃತ್ತಾಂತ.

ಮೊದಲಿಗೆ ನಮ್ಮ ಪರಂಪರೆಯ ಸಾಮಾನ್ಯ ಧೋರಣೆ ಏನಿತ್ತೆಂಬುದನ್ನು ನೆನೆಯಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸರ್ವವಿದಿತ. ಆ ಕಾವ್ಯವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಅದು ಕ್ಷೀಣಿಸಿಹೋಗದಂತೆ ಉಳಿಸಿದವಳು ಮಗಳು. ಅದೇ ಸಾಧ್ವಿಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಇಲ್ಲಿ ಗಮನಿಸಬೇಕಾದ ವ್ಯಾವಹಾರಿಕ ಸಂಗತಿಯೊಂದಿದೆ. ಕವಿಗೆ ಸಲ್ಲಬೇಕಾದುದು ಕಾವ್ಯ ಹುಟ್ಟುವಾಗಲೇ ಸಂದಿತು. ಲಿಪಿಕಾರರ ಕೂಲಿ ಪ್ರತಿ ಮಾಡುವಾಗಲೇ ಸಂದಿತು. ಅನಂತರ ಯಾರು ಪ್ರತಿ ಮಾಡಿಕೊಂಡರೂ ಯಾರಿಗೂ ಏನನ್ನೂ ತೆರಬೇಕಾಗಿರಲಿಲ್ಲ. ಖರ್ಚೆಲ್ಲ ಮುಂಗಡ, ಬಳಕೆಯೆಲ್ಲ ಮುಕ್ತ. ಇಂದಿನ ಕೃತಿಸ್ವಾಮ್ಯದ ಪದ್ಧತಿ ಇದಕ್ಕೆ ತದ್ವಿರುದ್ಧ: ಖರ್ಚನ್ನು ಮೊದಲು ಲೇಖಕನೋ ಪ್ರಕಾಶಕನೋ ಹೊತ್ತು, ಮುಂದಿನ ಓದುಗರಿಂದ ಅದನ್ನು ವಸೂಲು ಮಾಡಿಕೊಳ್ಳುವುದು.

ಈಗ ಧವಳಾ ಗ್ರಂಥಗಳ ಕಡೆಗೆ ಬರೋಣ. ಗಿರಿನಾರದ ಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಶ್ರುತವು ಅಳಿದುಹೋದೀತೆಂಬ ಚಿಂತೆಯಿಂದ ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಉಪದೇಶಿಸಿದರು. ಅವರಿಂದ ಷಟ್ಖಂಡಾಗಮವು ಗ್ರಂಥರೂಪಕ್ಕೆ ಬಂದಿತು. ಶ್ರುತಪಂಚಮಿಯಂದು ನಾವು ಪೂಜಿಸುವುದು ಈ ಘಟನೆಯನ್ನೇ. ಅದರ ಮೇಲೆ ವೀರಸೇನಾಚಾರ್ಯರು ಬರೆದ ಧವಳಾ ಟೀಕೆಯು 816ರಲ್ಲಿ ಮುಗಿಯಿತೆಂದು ವಿದ್ವಾಂಸರು ಗಣಿಸಿದ್ದಾರೆ. ಕಷಾಯಪ್ರಾಭೃತದ ಮೇಲಿನ ಜಯಧವಳಾ ಟೀಕೆಯನ್ನು ಅವರು ಆರಂಭಿಸಿದರೆ, ಶಿಷ್ಯರಾದ ಜಿನಸೇನಾಚಾರ್ಯರು ಅಮೋಘವರ್ಷನ ಕಾಲದಲ್ಲಿ, 837ರಲ್ಲಿ, ಪೂರ್ಣಗೊಳಿಸಿದರು. ಭೂತಬಲಿಗಳ ಮಹಾಬಂಧವು ಮಹಾಧವಳಾ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಹಳಗನ್ನಡ ಲಿಪಿಯ ಈ ಓಲೆಗರಿಯ ಕಟ್ಟುಗಳು ಮೂಡುಬಿದಿರೆಯ ಗುರುಬಸದಿಯಲ್ಲಿ ಉಳಿದು ಬಂದವು. ಆದುದರಿಂದಲೇ ಅದಕ್ಕೆ ಸಿದ್ಧಾಂತ ಬಸದಿಯೆಂಬ ಹೆಸರೂ ಇದೆ. ಅವು ಶ್ರವಣಬೆಳಗೊಳದಿಂದ ಅಲ್ಲಿಗೆ ಬಂದುವೆಂದು ಪ್ರತೀತಿ. ಈ ಪ್ರತಿಗಳಾದರೂ ಹೇಗೆ ಹುಟ್ಟಿದವು? ಅವುಗಳ ಪ್ರಶಸ್ತಿಭಾಗವೇ ಅದನ್ನು ತಿಳಿಸುತ್ತದೆ. ಧವಳೆಯ ಪ್ರತಿಯೊಂದನ್ನು ಹೊಯ್ಸಳರ ಕಾಲದ ದೇಮಿಯಕ್ಕ ಎಂಬ ಶ್ರಾವಿಕೆ ಶುಭಚಂದ್ರ ಸಿದ್ಧಾಂತದೇವರಿಗೆ ದಾನವಾಗಿ ಕೊಟ್ಟಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬವಳು ವ್ರತದ ಉದ್ಯಾಪನೆಗೆಂದು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಪ್ರತಿ ಮಾಡಿಸುವುದೇ ಪುಣ್ಯವೆಂದು ನಂಬಿದ ಸ್ತ್ರೀಯರ ಕೈಯಿಂದ ಹುಟ್ಟಿದ ಓಲೆಗಳು ಇವು. ಮುಂದೆ ಪ್ರತಿ ಮಾಡಲು ಅನುಮತಿಯೇ ಇಲ್ಲದ ಓಲೆಗಳಾದುದು ಇವೇ.

ಹಾಗಾದುದಕ್ಕೆ ಕಾರಣಗಳಿದ್ದುವು. ಸಿದ್ಧಾಂತ ಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥನು ಅಧಿಕಾರಿಯಲ್ಲವೆಂದು ಹೇಳುವ ಶ್ರಾವಕಾಚಾರ ಗ್ರಂಥವುಂಟು. ಓದಬಲ್ಲ ಮುನಿಪರಂಪರೆ ವಿರಳವಾದಂತೆ ಓಲೆಗಳು ಅಧ್ಯಯನದ ವಸ್ತುವಾಗಿ ಉಳಿಯದೆ ದರ್ಶನದ ವಸ್ತುವಾದುವು; ಯಾತ್ರಿಕರು ರತ್ನಬಿಂಬಗಳೊಡನೆ ಅವುಗಳಿಗೂ ಕೈಮುಗಿದು ಹಿಂದಿರುಗುತ್ತಿದ್ದರು. ಇನ್ನೊಂದು ಕಾರಣ ಭಯ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಹಸ್ತಪ್ರತಿಗಳು ಲಂಡನ್ನಿಗೂ ಬರ್ಲಿನ್ನಿಗೂ ಸಾಗಿಹೋದುದು ಐತಿಹಾಸಿಕ ಸತ್ಯ. ಒಮ್ಮೆ ಹೊರಗೆ ಹೋದ ಕಟ್ಟು ಮರಳಿ ಬಾರದೆಂದು ಬಸದಿಯ ಪಂಚರು ಶಂಕಿಸಿದ್ದರೆ ಅದನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಉತ್ತರ ಭಾರತದ ಅಷ್ಟೊಂದು ಭಂಡಾರಗಳಲ್ಲಿ ಎಲ್ಲಿಯೂ ಉಳಿಯದ ಗ್ರಂಥ ಮೂಡುಬಿದಿರೆಯೊಂದರಲ್ಲಿಯೇ ಉಳಿಯಿತು. ಕಾಯ್ದವರ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ಆದರೆ ಕಾಯುವುದರಿಂದ ಉಳಿದದ್ದು ಓಲೆ, ಬೆಳೆದದ್ದು ಏನು? ಇದಕ್ಕೆ ಹೋಲಿಕೆಯಾಗಿ ಗೊಮ್ಮಟಸಾರವನ್ನು ನೋಡಬಹುದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಇದೇ ಸಿದ್ಧಾಂತದ ಸಾರವನ್ನು ಸಂಗ್ರಹಿಸಿ ಗೊಮ್ಮಟಸಾರವನ್ನು ರಚಿಸಿದರು. ಅದಕ್ಕೆ ಬೀಗವಿರಲಿಲ್ಲ. 1359ರಲ್ಲಿ ಕೇಶವವರ್ಣಿಯು ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಆ ಕನ್ನಡ ವೃತ್ತಿಯನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಸಂಸ್ಕೃತ ಟೀಕೆಯನ್ನು ಹಿಡಿದು ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ಢೂಂಢಾರಿ ಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ಬರೆದರು. ಬೆಳಗೊಳದಲ್ಲಿ ಹುಟ್ಟಿದ ಚಿಂತನೆ ಜಯಪುರದ ಸಾಮಾನ್ಯ ಶ್ರಾವಕನ ಮನೆಯ ಸ್ವಾಧ್ಯಾಯಕ್ಕೆ ಒದಗಿದ್ದು ಹೀಗೆ, ಕೈಯಿಂದ ಕೈಗೆ, ಭಾಷೆಯಿಂದ ಭಾಷೆಗೆ. ಟೋಡರಮಲ್ಲರಂಥ ಮೇಧಾವಿಗೆ ಮೂಲವಾದ ಧವಳೆಯ ಒಂದು ಪುಟವೂ ಓದಲು ದೊರೆಯಲಿಲ್ಲ. ದೊರೆತಿದ್ದರೆ ಅವರು ಏನನ್ನು ಬರೆಯುತ್ತಿದ್ದರೆಂಬುದು ನಮ್ಮ ಲೆಕ್ಕಪುಸ್ತಕದಲ್ಲಿ ಎಂದಿಗೂ ಕಾಣಿಸದ ನಷ್ಟ. ಇಂಥ ನಷ್ಟಕ್ಕೆ ರಸೀತಿಯಿಲ್ಲ. ಆದುದರಿಂದಲೇ ಅದನ್ನು ಮರೆಯುವುದು ಸುಲಭ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿಯ ಸೇಠ್ ಮಾಣಿಕಚಂದರು ಮತ್ತು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಈ ಗ್ರಂಥಗಳ ಉದ್ಧಾರಕ್ಕೆ ಮುಂದಾದರು. ಇಬ್ಬರೂ ವರ್ತಕರೆಂಬುದನ್ನು ಕೊಂಚ ಅಭಿಮಾನದಿಂದಲೇ ಹೇಳುತ್ತೇನೆ. ಓಲೆಗಳು ಜೀರ್ಣವಾಗುತ್ತಿರುವುದನ್ನು ಮನಗಾಣಿಸಿ, ಶ್ರಾವಕರಿಂದ ಹಣ ಸಂಗ್ರಹಿಸಿ, ಪ್ರತಿ ಮಾಡಲು ಪಂಚರ ಒಪ್ಪಿಗೆಯನ್ನು ಪಡೆದರು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಕೆಲಸವನ್ನು ಆರಂಭಿಸಿದರು. ಬ್ರಹ್ಮಸೂರಿಗಳು ನಡುವೆಯೇ ಸ್ವರ್ಗಸ್ಥರಾದರು. ಮೂರು ಗ್ರಂಥಗಳ ಕನ್ನಡ ಮತ್ತು ನಾಗರಿ ಪ್ರತಿಗಳು ಮುಗಿಯುವ ವೇಳೆಗೆ 1922 ಬಂದಿತ್ತು. ಸುಮಾರು 26 ವರ್ಷಗಳ ದುಡಿಮೆ. ಆದರೆ ಈ ಹೊಸ ಪ್ರತಿಗಳೂ ಮೂಡುಬಿದಿರೆಯಲ್ಲಿಯೇ ಇರತಕ್ಕದ್ದೆಂಬುದು ಅಲ್ಲಿಯವರ ನಿಲುವಾಗಿತ್ತು. ಬೀಗ ಹಾಕಿದ ಕೋಣೆಯಲ್ಲಿ ಒಂದರ ಬದಲು ಮೂರು ಪ್ರತಿಗಳು ಸೇರಿದವು, ಅಷ್ಟೆ.

ಗಜಪತಿ ಉಪಾಧ್ಯಾಯರು ಈ ನಡುವೆ ಗುಪ್ತವಾಗಿ ತಮಗೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡಿದ್ದರು. ಅದು ಅವರ ಮೂಲಕ ಉತ್ತರದ ಸಹಾರನಪುರಕ್ಕೆ ತಲುಪಿ, ಲಾಲಾ ಜಂಬೂಪ್ರಸಾದರ ಮಂದಿರವನ್ನು ಸೇರಿತು. ಅಲ್ಲಿ ಕನ್ನಡ ಬಲ್ಲ ವಿಜಯಚಂದ್ರಯ್ಯನವರು ಓದಿ ಹೇಳುತ್ತಿರಲು ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದರು. ಹಾಗೆ ಬರೆಯುವಾಗ ಸೀತಾರಾಮರೂ ತಮಗೊಂದು ಪ್ರತಿಯನ್ನು ಇಟ್ಟುಕೊಂಡರು! ಆರಾ, ಕಾರಂಜ, ಅಮರಾವತಿ ಮೊದಲಾದ ಊರುಗಳ ಭಂಡಾರಗಳಿಗೆ ಧವಳೆಯು ತಲುಪಿದ್ದು ಇದರಿಂದ. ಅಂದರೆ, ಇಂದು ನಾವು ಓದುತ್ತಿರುವ ಮುದ್ರಿತ ಧವಳೆಯು ಮೊದಲಿಗೆ ಒಂದು ಗುಪ್ತ ಪ್ರತಿಯ ಗುಪ್ತ ಪ್ರತಿಯಿಂದ ಹೊರಟಿತು.

ಇದು ಚೌರ್ಯವೇ? ನೀತಿಯನ್ನು ವಿಚಾರಿಸುವ ಈ ಪುಟಗಳಲ್ಲಿ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯವೆಂಬುದು ತತ್ತ್ವಾರ್ಥಸೂತ್ರದ ಲಕ್ಷಣ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿನ ಮಾಲನ್ನು ಕೊಳ್ಳುವುದೂ ನಕಲಿ ಸರಕಿನ ವ್ಯಾಪಾರವೂ ಸೇರಿವೆ; ಅಂಗಡಿಯಲ್ಲಿ ಕುಳಿತವರಿಗೆ ಈ ಎರಡನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಗ್ರಂಥದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವವನ್ನೂ ಮಾತ್ಸರ್ಯವನ್ನೂ ಅಂತರಾಯವನ್ನೂ ಹೆಸರಿಸುತ್ತದೆ: ತಿಳಿದುದನ್ನು ಮರೆಮಾಚುವುದು, ಯೋಗ್ಯನಿಗೂ ಕೊಡದಿರುವುದು, ಜ್ಞಾನಾರ್ಜನೆಗೆ ಅಡ್ಡಿ ಮಾಡುವುದು. ಹೀಗೆ ಕೃತಿಯನ್ನು ಬಚ್ಚಿಡುವವನಿಗೂ ಕದಿಯುವವನಿಗೂ ಒಂದೇ ಶಾಸ್ತ್ರದಲ್ಲಿ ಎರಡು ಎಚ್ಚರಿಕೆಗಳಿವೆ.

ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಗಜಪತಿಗಳದ್ದು ವಿಶ್ವಾಸಭಂಗ. ಒಪ್ಪಿಕೊಂಡ ಕರಾರಿನೊಳಗೆ ಕುಳಿತು ಕರಾರನ್ನು ಮುರಿದುದು ಸದುದ್ದೇಶದಿಂದ ಅಳಿಸಿಹೋಗುವ ದೋಷವಲ್ಲ. ಆದರೆ ಅದನ್ನು ಭಂಡಾರದಿಂದ ಬಿಂಬವನ್ನು ಕದ್ದುದಕ್ಕೆ ಸಮನಾಗಿ ತೂಗುವುದು ತಪ್ಪು ತೂಕ. ಬಿಂಬ ಹೋದರೆ ಪೀಠ ಬರಿದಾಗುತ್ತದೆ. ಇಲ್ಲಿ ಮೂಡುಬಿದಿರೆಯ ಒಂದು ಓಲೆಯೂ ಕಡಿಮೆಯಾಗಲಿಲ್ಲ. ಇಂಥ ದೋಷಕ್ಕೆ ಎಡೆಯಾದುದು, ಯೋಗ್ಯರಿಗೂ ತೆರೆಯದ ಬಾಗಿಲಿನಿಂದ. ನೇರ ದಾರಿಯಿದ್ದಲ್ಲಿ ಕಳ್ಳದಾರಿಯಲ್ಲಿ ಬರುವವರು ಕಡಿಮೆ. ಸುಂಕದ ವಿಷಯದಲ್ಲಿ ಇದನ್ನು ನಾವೆಲ್ಲರೂ ಬಲ್ಲೆವು.

ಗುಪ್ತ ಪ್ರತಿಯ ನಿಜವಾದ ಹಾನಿ ಬೇರೆಡೆಯಲ್ಲಿತ್ತು. ಭೇಲ್ಸಾದ ಸೇಠ್ ಶಿತಾಬರಾಯ ಲಕ್ಷ್ಮೀಚಂದರ ದಾನದ ಬಲದಿಂದ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಧವಳೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರ ಸಹಕಾರವೂ ಆ ಕಾರ್ಯಕ್ಕಿತ್ತು. ಅವರ ಮುಂದಿದ್ದವು ಕೈಬದಲಾಗುತ್ತಾ ಬಂದ ಪ್ರತಿಗಳು. ಮೂಲವನ್ನು ನೋಡಿ ತಿದ್ದುವಂತಿರಲಿಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಆ ಪ್ರತಿಗಳಲ್ಲಿ ಬಿಟ್ಟುಹೋಗಿತ್ತು. ಟೀಕೆಯ ಅರ್ಥದಿಂದ ಅಲ್ಲಿ ಆ ಪದ ಇದ್ದಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮೂರಕ್ಷರದ ಈ ಪದಕ್ಕಾಗಿ ಸಮಾಜದಲ್ಲಿ ಎದ್ದ ವಿವಾದವು ಸಣ್ಣದಲ್ಲ. ಸ್ತ್ರೀಮುಕ್ತಿಯ ಪ್ರಶ್ನೆಯೇ ಅದರೊಡನೆ ಬೆಸೆದುಕೊಂಡಿತು, ವಿದ್ವಾಂಸರು ಎರಡು ಪಕ್ಷವಾದರು. ಕೊನೆಗೆ ಪಾಠವನ್ನು ಸ್ಪಷ್ಟಪಡಿಸಿದ್ದು ಮೂಡುಬಿದಿರೆಯ ಓಲೆ. ಅದರಲ್ಲಿ ಆ ಪದವಿತ್ತು. ಅಷ್ಟರಲ್ಲಿ ಮೂಡುಬಿದಿರೆಯವರು ಮನಸ್ಸು ಬದಲಾಯಿಸಿ, ಲೋಕನಾಥ ಶಾಸ್ತ್ರಿಗಳಂಥ ಸ್ಥಳೀಯ ವಿದ್ವಾಂಸರ ಮೂಲಕ ಪಾಠಗಳನ್ನು ತಾಳೆ ನೋಡಲು ಅವಕಾಶ ಕೊಟ್ಟಿದ್ದರು. ಆ ಔದಾರ್ಯವನ್ನು ಹೊಗಳದೆ ಇರಲಾಗದು. ಮುಚ್ಚಿಟ್ಟ ಗ್ರಂಥವು ಪ್ರತಿಯಾಗದೆ ಉಳಿಯುವುದಿಲ್ಲ. ಆತುರದಲ್ಲಿ, ತಾಳೆ ನೋಡುವವರಿಲ್ಲದೆ ಪ್ರತಿಯಾಗುತ್ತದೆ, ಅಷ್ಟೆ.

ಹದಿನಾರು ಸಂಪುಟಗಳು ಮುಗಿಯಲು ಸುಮಾರು ಎರಡು ದಶಕಗಳು ಹಿಡಿದುವು. ಅಚ್ಚಾದೊಡನೆ ಏನಾಯಿತೆಂಬುದಕ್ಕೆ ಒಂದೇ ನಿದರ್ಶನ. ಲಖನೌ ವಿಶ್ವವಿದ್ಯಾನಿಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಹರು ಬಿಭೂತಿಭೂಷಣ ದತ್ತರೊಡನೆ ಭಾರತೀಯ ಗಣಿತದ ಇತಿಹಾಸವನ್ನು ಬರೆದವರು. ಅದರ ಎರಡು ಭಾಗಗಳು 1935 ಮತ್ತು 1938ರಲ್ಲಿ ಹೊರಬಂದಾಗ ಧವಳೆ ಇನ್ನೂ ಅಚ್ಚಾಗಿರಲಿಲ್ಲ. ಅಚ್ಚಾದ ಕೆಲವೇ ವರ್ಷಗಳಲ್ಲಿ, 1942ರ ನಾಲ್ಕನೆಯ ಸಂಪುಟಕ್ಕೆ, ಅವರೇ ಧವಳೆಯ ಗಣಿತವನ್ನು ಕುರಿತು ಲೇಖನವನ್ನು ಬರೆದರು. ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಬಹುದೆಂಬುದಕ್ಕೆ ವೀರಸೇನರು ‘ಅರ್ಧಚ್ಛೇದ’ವೆನ್ನುತ್ತಾರೆ, 32ರ ಅರ್ಧಚ್ಛೇದ 5. ಎರಡು ರಾಶಿಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮವೆಂಬ ನಿಯಮವೂ ಅಲ್ಲಿದೆ. ಯೂರೋಪಿನಲ್ಲಿ ನೇಪಿಯರನು ಲಾಗರಿತಮ್ ಕೋಷ್ಟಕಗಳನ್ನು ಪ್ರಕಟಿಸಿದ್ದು 1614ರಲ್ಲಿ. ಎರಡೂ ಒಂದೇ ಎಂದು ಘೋಷಿಸುವ ಉತ್ಸಾಹ ನನಗಿಲ್ಲ; ನೇಪಿಯರನ ಕೋಷ್ಟಕಗಳು ಅಚ್ಚಾಗಿ ನಾವಿಕರ, ಜ್ಯೋತಿರ್ವಿದರ ಕೈಸೇರಿ ಬೆಳೆದುವು, ಧವಳೆಯ ಗಣಿತಭಾಗವು ಪೆಟ್ಟಿಗೆಯಲ್ಲಿತ್ತು, ಎಂಬಷ್ಟೇ ನನ್ನ ಮಾತು.

ಈಗ ಕಾನೂನಿಗೆ ಬರೋಣ. ಈ ವೃತ್ತಾಂತವನ್ನು ಓದಿದವರು ಕೃತಿಸ್ವಾಮ್ಯ, ಪೇಟೆಂಟುಗಳೆಲ್ಲವೂ ಇಂಥದೇ ಬೀಗಗಳೆಂದು ಭಾವಿಸಬಹುದು. ಅದು ಪೂರ್ಣ ಸತ್ಯವಲ್ಲ. ಪೇಟೆಂಟು ಎಂಬ ಪದದ ಮೂಲಾರ್ಥವೇ ‘ತೆರೆದುದು’. ಆವಿಷ್ಕಾರಕನು ತನ್ನ ಕ್ರಮವನ್ನು, ಆ ಕಸುಬು ಬಲ್ಲ ಇನ್ನೊಬ್ಬನು ಓದಿ ಮಾಡುವಷ್ಟು ವಿವರವಾಗಿ ಬರೆದು ಸರಕಾರಕ್ಕೆ ಒಪ್ಪಿಸಬೇಕು. ಪ್ರತಿಯಾಗಿ ಒಂದು ಅವಧಿಯವರೆಗೆ ಅವನಿಗೆ ಮಾತ್ರ ಹಕ್ಕು. ವೆನಿಸ್ಸಿನ 1474ರ ಕಾನೂನಿನಲ್ಲಿ ಆ ಅವಧಿ 10 ವರ್ಷ, ನಮ್ಮ ದೇಶದ 1856ರ ಮೊದಲ ಕಾನೂನಿನಲ್ಲಿ 14, ಇಂದು 20. ಗ್ರಂಥಗಳಿಗೆ ಇಂಗ್ಲೆಂಡಿನ 1710ರ ಕಾನೂನು ಕೊಟ್ಟದ್ದು 14 ವರ್ಷ, ಲೇಖಕನು ಜೀವಿಸಿದ್ದರೆ ಇನ್ನೊಂದು 14. ಕಸುಬಿನ ಗುಟ್ಟನ್ನು ಮಗನಿಗೆ ಮಾತ್ರ ಹೇಳಿ ಸಾಯುವ ನಮ್ಮ ಹಳೆಯ ಪದ್ಧತಿಗಿಂತ ಇದು ಉತ್ತಮವೆಂದೇ ಹೇಳುತ್ತೇನೆ. ಅಂಥ ಎಷ್ಟೋ ಗುಟ್ಟುಗಳು ಮಗನಿಲ್ಲದ ಮನೆಗಳಲ್ಲಿ ಬೂದಿಯಾದುವು. ಸಂಪಾದಕನೂ ಅನುವಾದಕನೂ ಉಣ್ಣಬೇಕು. ಅತ್ತಿಮಬ್ಬೆಯರು ಪ್ರತಿಯೊಂದು ಊರಿನಲ್ಲಿ ಹುಟ್ಟುವುದಿಲ್ಲ.

ಕಾನೂನಿನ ತೊಂದರೆ ಹಕ್ಕಿನಲ್ಲಿಲ್ಲ, ಗಡುವು ಹಿಗ್ಗುತ್ತಾ ಹೋಗುವುದರಲ್ಲಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾನೂನಿನಂತೆ ಲೇಖಕನ ಮರಣಾನಂತರ 50 ವರ್ಷ ಹಕ್ಕು ಉಳಿಯುತ್ತಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಲಿದ್ದಾಗ, ಅದನ್ನು ಹೊಂದಿದ್ದ ವಿಶ್ವಭಾರತಿಯ ಹಿತವನ್ನು ಗಮನದಲ್ಲಿರಿಸಿ ಅವಧಿಯನ್ನು 60 ವರ್ಷಕ್ಕೆ ಏರಿಸಲಾಯಿತು. ಗೀತಾಂಜಲಿಯ ಕವಿಗೆ ಈ ಹತ್ತು ವರ್ಷಗಳಿಂದ ಇನ್ನೊಂದು ಕವನವನ್ನು ಬರೆಯುವ ಪ್ರೇರಣೆ ಸಿಕ್ಕಿರಲಾರದು. ಸೃಷ್ಟಿಗೆ ಪ್ರೇರಣೆಯೆಂದು ಕೊಟ್ಟ ಹಕ್ಕು, ಸೃಷ್ಟಿ ಮುಗಿದ ಮೇಲೆ ಬೆಳೆಯತೊಡಗಿದರೆ ಅದು ಆಸ್ತಿಯ ರಕ್ಷಣೆಯಾಗುತ್ತದೆ. ಪರಿಗ್ರಹ ಪರಿಮಾಣದ ವಿಚಾರ ಅಲ್ಲಿಗೆ ಅನ್ವಯಿಸುತ್ತದೆ.

ಬಸದಿಗಳ ಆಡಳಿತವನ್ನು ನೋಡಿಕೊಳ್ಳುವ ಟ್ರಸ್ಟಿಗಳಿಗೆ ಈ ವಿಷಯ ದೂರದ್ದಲ್ಲ. ನಾವು ಪ್ರಕಟಿಸುವ ಪ್ರಾಚೀನ ಗ್ರಂಥಗಳ ಮೊದಲ ಪುಟದಲ್ಲಿಯೂ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂದು ಅಚ್ಚಾಗುವುದನ್ನು ಕಾಣುತ್ತೇವೆ. ವೀರಸೇನಾಚಾರ್ಯರ ಮೂಲಪಾಠದ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ. ಹೊಸ ಅನುವಾದ, ಹೊಸ ಪ್ರಸ್ತಾವನೆ, ಹೊಸ ಟಿಪ್ಪಣಿಗಳಿಗೆ ಉಂಟು. ಈ ಭೇದವನ್ನು ಆ ಪುಟದಲ್ಲಿಯೇ ಎರಡು ಸಾಲಿನಲ್ಲಿ ಸ್ಪಷ್ಟಪಡಿಸಿದರೆ, ಪಾಠವನ್ನು ಉದ್ಧರಿಸಬಯಸುವ ಬಡ ವಿದ್ಯಾರ್ಥಿಯು ಅಳುಕಬೇಕಾಗಿಲ್ಲ. ಮೂಡುಬಿದಿರೆಯ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಭಾರತೀಯ ಜ್ಞಾನಪೀಠವು 1948ರಲ್ಲಿಯೇ ಪ್ರಕಟಿಸಿತು. ಎಲ್ಲಿ ಏನಿದೆಯೆಂದು ತಿಳಿಸುವ ಅಂಥ ಪಟ್ಟಿಯೇ ದೊಡ್ಡ ಶಾಸ್ತ್ರದಾನ; ಸಣ್ಣ ಬಸದಿಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಪಟ್ಟಿಯಾಗದ ಕಟ್ಟುಗಳಿದ್ದರೆ, ಶ್ರುತಪಂಚಮಿಯಂದು ಅವುಗಳ ಧೂಳು ಕೊಡವಿ ಹೊಸ ವಸ್ತ್ರ ಸುತ್ತುವಾಗಲೇ ಗರಿಗರಿಯಾಗಿ ಛಾಯಾಚಿತ್ರ ತೆಗೆಯಿಸಲು ತಡೆಯೇನು? ಇನ್ನು, ದಾನಿಗಳ ಹಣದಿಂದಲೇ ಅನುವಾದಕನಿಗೆ ಪೂರ್ಣ ಸಂಭಾವನೆ ಸಂದಿರುವ ಪುಸ್ತಕಗಳ ವಿಷಯ. ಕೃತಿಯ ಹಕ್ಕನ್ನು ಲೇಖಕನು ತಾನಾಗಿಯೇ ಬಿಟ್ಟುಕೊಡಲು 1957ರ ಕಾನೂನಿನ 21ನೆಯ ಕಲಮು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯ ಅನಂತರ ಅದಕ್ಕೆ ಸಾರ್ವಜನಿಕ ಪ್ರಕಟಣೆಯೊಂದೇ ಸಾಕು. ಮುಂದಿನ ಗ್ರಂಥಮಾಲೆಗೆ ಅನುವಾದಕರೊಡನೆ ಕರಾರು ಬರೆಯುವಾಗ, ಅವರ ಒಪ್ಪಿಗೆಯಿದ್ದಲ್ಲಿ, ಈ ಕಲಮನ್ನು ಸೇರಿಸಬಹುದೇ ಎಂದು ಟ್ರಸ್ಟಿನ ಸಭೆಯಲ್ಲಿ ವಿಚಾರಿಸುವಂತೆ ವಿನಂತಿಸುತ್ತೇನೆ.